ಬಯೋಆರ್ಕೈವ್: ಪುಕ್ಕಟೆ ಸಿಗುತ್ತೆ, ಕಣ್ಣು ಬಿಟ್ಕೊಂಡು ಓದಿ

ನಾನು ಖಾಸಗಿ ಡಿಗ್ರಿ ಕಾಲೇಜೊಂದರಲ್ಲಿ ಬಾಟನಿ ಪಾಠ ಮಾಡುತ್ತೇನೆ. ನಮ್ಮ ಲೈಬ್ರರಿಗೆ ಸಸ್ಯವಿಜ್ಞಾನದ ಜರ್ನಲ್ ಒಂದೂ ಬರುವುದಿಲ್ಲ. ಸಂಶೋಧನಾ ಪೇಪರ್ ಓದೋಣ ಅಂತ ಲಿಂಕ್ ಒತ್ತಿದರೆ 30 ಡಾಲರ್‌ಗೂ ಜಾಸ್ತಿ ಕೇಳುತ್ತೆ, ನನಗೆ ಬೇಕಾಗಿದ್ದು ಅದರಲ್ಲಿ ಒಂದೇ ಒಂದು ಚಿತ್ರ ಆಗಿರುತ್ತೆ. ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಅಂತ ಜರ್ನಲ್‌ಗಳಿಗೆ ದೇಶಕ್ಕೆಲ್ಲ ಒಟ್ಟಿಗೆ ಚಂದಾ ಕಟ್ಟುವ ಕೇಂದ್ರ ಸರ್ಕಾರದ ಯೋಜನೆ 2025ರಲ್ಲಿ ಶುರುವಾಯಿತಲ್ವಾ, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 13,000ದ ಹತ್ತಿರ ಜರ್ನಲ್, ಕೇಳೋಕೆ ಚೆಂದವೇ. ಆದರೆ ಸದ್ಯಕ್ಕೆ ಅದು ಸರ್ಕಾರಿ ಸಂಸ್ಥೆಗಳಿಗೆ. ನಾವು ಗೇಟಿನಾಚೆ.

ಹಾಗಾಗಿ ನನಗೆ ಗತಿ ಬಯೋಆರ್ಕೈವ್. 2013ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಲ್ಯಾಬೊರೇಟರಿ ಶುರು ಮಾಡಿದ ತಾಣ. 2025ರಿಂದ ಓಪನ್‌ಆರ್ಕೈವ್ ಅನ್ನೋ ಲಾಭರಹಿತ ಸಂಸ್ಥೆ ನೋಡಿಕೊಳ್ಳುತ್ತಿದೆ. ಸಂಶೋಧಕರು ಜರ್ನಲ್‌ಗೆ ಕಳಿಸುವ ಹೊತ್ತಿಗೇ ಪೇಪರನ್ನು ಇಲ್ಲಿ ಹಾಕುತ್ತಾರೆ. ಹಾಕೋಕೂ ದುಡ್ಡಿಲ್ಲ, ಓದೋಕೂ ದುಡ್ಡಿಲ್ಲ, ಓದೋರಿಗೆ ಲಾಗಿನ್ ಕೂಡ ಕೇಳಲ್ಲ. ಪ್ಲಾಂಟ್ ಬಯಾಲಜಿ ಅಂತ ಬೇರೆ ವಿಭಾಗವೇ ಇದೆ.

ಇದರಿಂದ ಏನು ಸಿಗುತ್ತೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ನೀರಿಲ್ಲದೆ ಬಾಡುವ ಟೊಮೆಟೊ ಗಿಡ ಸದ್ದು ಮಾಡುತ್ತೆ ಅನ್ನೋ ಸುದ್ದಿ ನೆನಪಿದೆಯಾ? ಟೆಲ್ ಅವೀವ್ ವಿಶ್ವವಿದ್ಯಾಲಯದವರ ಕೆಲಸ ಅದು. ಗಿಡದಿಂದ ಸುಮಾರು 10 ಸೆಂಟಿಮೀಟರ್ ದೂರದಲ್ಲಿ ಮೈಕ್ ಇಟ್ಟು ಕೇಳಿದರು. ನೀರಿಲ್ಲದೆ ಬಾಡುತ್ತಿರೋ ಗಿಡ, ಕಾಂಡ ಕತ್ತರಿಸಿದ ಗಿಡ ಗಂಟೆಗೆ ಹತ್ತಾರು ಸಲ ‘ಟಕ್’ ಅಂದರೆ, ಚೆನ್ನಾಗಿರೋ ಗಿಡ ಗಂಟೆಗೆ ಒಂದು ಸಲವೂ ಅನ್ನಲ್ಲ. ನಮ್ಮ ಕಿವಿಗೆ ಕೇಳದಷ್ಟು ಮೇಲಿನ ಸ್ಥಾಯಿಯ ಸದ್ದು. ನೀರು ಏರುವ ನಾಳದಲ್ಲಿ ಗುಳ್ಳೆ ಒಡೆಯೋದು ಕಾರಣ ಇರಬಹುದು ಅಂತಾರೆ. ಟಿವಿಯವರು ‘ಗಿಡ ಅಳುತ್ತೆ’ ಅಂದುಬಿಟ್ಟರೆ ಅದು ಅವರ ಕರ್ಮ. ಇದು ‘ಸೆಲ್’ ಜರ್ನಲ್‌ನಲ್ಲಿ ಅಚ್ಚಾಗಿದ್ದು 2023ರ ಮಾರ್ಚ್‌ನಲ್ಲಿ, ಬಯೋಆರ್ಕೈವ್‌ಗೆ ಬಂದಿದ್ದು 2018ರ ಡಿಸೆಂಬರ್‌ನಲ್ಲಿ. ನಾಲ್ಕು ವರ್ಷಕ್ಕೂ ಮೊದಲೇ ಯಾರು ಬೇಕಾದರೂ ಓದಬಹುದಿತ್ತು!

ಈಗ ತಕರಾರು. ಇಲ್ಲಿರೋದು ಪ್ರಿಪ್ರಿಂಟ್, ಅಂದರೆ ಜರ್ನಲ್‌ನಲ್ಲಿ ಅಚ್ಚಾಗೋಕೆ ಮೊದಲಿನ ಪ್ರತಿ. ಇದು ವಿಜ್ಞಾನವೇ ಹೌದಾ, ಕದ್ದಿದ್ದಾ ಅಂತ ಮೇಲ್ಮೇಲೆ ನೋಡಿ ಬಿಡುತ್ತಾರೆ ಅಷ್ಟೇ, ವಿಷಯ ಬಲ್ಲ ಬೇರೆಯವರು ಕೂತು ಪರಿಶೀಲಿಸಿರಲ್ಲ. ಪಿಡಿಎಫ್‌ನ ಪ್ರತಿ ಪುಟದ ನೆತ್ತಿಯ ಮೇಲೂ ಅದನ್ನು ಬರೆದಿರುತ್ತಾರೆ, ಆದರೆ ಬಸ್ ಟಿಕೆಟ್ ಹಿಂದಿನ ಅಕ್ಷರದಷ್ಟು ಸಣ್ಣಕ್ಕೆ, ಯಾರು ಓದ್ತಾರೆ? ಹೋದ ವರ್ಷ ನಮ್ಮ ಹುಡುಗಿಯೊಬ್ಬಳು ಸೆಮಿನಾರಲ್ಲಿ ಪ್ರಿಪ್ರಿಂಟ್ ತೋರಿಸಿ ‘ಸಾಬೀತಾಗಿದೆ ಮೇಡಂ’ ಅಂದಳು. ಹಿಸ್ಟರಿ ಟ್ಯಾಬ್ ಒತ್ತಿ ನೋಡಿದರೆ ಬರೆದವರೇ ತಿದ್ದಿ ಹಾಕಿದ ಎರಡನೇ ಆವೃತ್ತಿ ಬಂದು ಕೂತಿದೆ, ಇವಳು ಓದಿದ್ದು ಮೊದಲನೆಯದು, ಅವಳು ಹೇಳಿದ ಮಾತು ಎರಡನೆಯದರಲ್ಲಿ ಇಲ್ಲವೇ ಇಲ್ಲ. ಪಾಪ, ತಪ್ಪು ನಂದೇ, ಹೇಳಿಕೊಟ್ಟಿರಲಿಲ್ಲ.

ಆದರೆ ನನಗೆ ಬಲು ಇಷ್ಟ ಆಗಿದ್ದೂ ಅದೇ. ಹಳೆ ಆವೃತ್ತಿಯನ್ನು ಅಳಿಸಲ್ಲ. ಎರಡನ್ನೂ ಪಕ್ಕಪಕ್ಕ ತೆರೆದು, ಯಾವ ಚಿತ್ರ ಬದಲಾಯ್ತು, ಯಾವ ವಾಕ್ಯ ಮೆತ್ತಗಾಯ್ತು ಅಂತ ಈಗ ಕ್ಲಾಸಲ್ಲೇ ತೋರಿಸುತ್ತೇನೆ. ಪೇಪರ್ ಜರ್ನಲ್‌ನಲ್ಲಿ ಬಂದಿದ್ದರೆ ಹೆಸರಿನ ಕೆಳಗೇ ಅದರ ಲಿಂಕೂ ಇರುತ್ತೆ.

ಉಳಿದಂತೆ ಹುಡುಕಾಟ ಅಷ್ಟಕ್ಕಷ್ಟೆ. ರಾಗಿ, ಹಲಸು ಅಂತ ನಮ್ಮ ಬೆಳೆ ಹುಡುಕಿದರೆ ಸಿಗೋದು ಕಮ್ಮಿ, ಎಲ್ಲೆಲ್ಲೂ ಅರಾಬಿಡಾಪ್ಸಿಸ್ ಅನ್ನೋ ಸಾಸಿವೆ ಜಾತಿಯ ಕಳೆಗಿಡವೇ. ಅದು ತಾಣದ ತಪ್ಪಲ್ಲ ಬಿಡಿ, ಪ್ರಪಂಚವೆಲ್ಲ ಅದರ ಹಿಂದೆ ಬಿದ್ದಿದೆ. ಐದಕ್ಕೆ ನಾಲ್ಕು ಕೊಡುತ್ತೇನೆ. ಫೋನಲ್ಲಿ ಓದೋರು ಪಿಡಿಎಫ್ ಬಿಟ್ಟು ಫುಲ್ ಟೆಕ್ಸ್ಟ್ ಒತ್ತಿ. ಪಿಡಿಎಫ್‌ನಲ್ಲಿ ಎಷ್ಟೋ ಸಲ ಚಿತ್ರಗಳನ್ನೆಲ್ಲ ಕೊನೆಗೆ ಗುಡ್ಡೆ ಹಾಕಿರುತ್ತಾರೆ, ಮೇಲೆ ಕೆಳಗೆ ಓಡಾಡಿ ಬೆರಳು ನೋಯುತ್ತೆ.