ಮೇಣದಲ್ಲಿ ಕಡಲೋ, ಮನೆಯಲ್ಲೇ ಸ್ಕ್ರೀನ್ ಪ್ರಿಂಟಿಂಗೋ?

ಧಾರವಾಡದಲ್ಲಿ ಕೂತು ಕಡಲು ಬಿಡಿಸುವ ಆಸೆಯಿದ್ದರೆ ಮೇಣದ ಚಿತ್ರಕ್ಕೇ ನನ್ನ ಓಟು. ಜೇನುಮೇಣಕ್ಕೆ ಡಾಮರ್ ರಾಳ (ಮರದಿಂದ ಸಿಗುವ ಗಟ್ಟಿ ಅಂಟು, ರಸ್ತೆಯ ಡಾಂಬರಲ್ಲ), ಬಣ್ಣದ ಪುಡಿ ಸೇರಿಸಿ ಕರಗಿಸಿ, ಪ್ಲೈವುಡ್ ಮೇಲೆ ಪದರ ಪದರವಾಗಿ ಹಚ್ಚಬೇಕು. ನೀಲಿಯ ಮೇಲೆ ಬಿಳಿ ಮೇಣ ಹಚ್ಚಿ ಹೀಟ್ ಗನ್ (ಬಿಸಿಗಾಳಿ ಊದುವ ಯಂತ್ರ) ಹಿಡಿದರೆ, ಬಿಳಿ ಹರಿದು ನೊರೆಯಂತೆ ಎಳೆ ಎಳೆಯಾಗುತ್ತದೆ. ಇದನ್ನು ನೋಡೋಕೇ ಚೆಂದ! ಜೇನುಮೇಣ 62–64 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಸುಮ್ನೆ ಜಾಸ್ತಿ ಕಾಯಿಸಬೇಡಿ, ಹೊಗೆ ಒಳ್ಳೆಯದಲ್ಲ. ಕಿಟಕಿ ತೆರೆದಿರಲಿ. ಮುಗಿದ ಚಿತ್ರವನ್ನು ಏಪ್ರಿಲ್ ಬಿಸಿಲಿಗೆ ಇಡಲೇಬೇಡಿ.

ಒಂದೇ ಅಲೆ ಹತ್ತು ಬಟ್ಟೆ ಚೀಲಗಳ ಮೇಲೆ ಬೇಕಾ? ಹಾಗಾದರೆ ಸ್ಕ್ರೀನ್ ಪ್ರಿಂಟಿಂಗ್. ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆ, ಕತ್ತರಿಸಿದ ಕಾಗದದ ಅಚ್ಚು, ನೀರಿನ ಇಂಕು, ಇಂಕನ್ನು ಜಾಲರಿಯ ಮೇಲೆ ಎಳೆಯುವ ರಬ್ಬರ್ ಪಟ್ಟಿ (ಸ್ಕ್ವೀಜಿ) ಸಾಕು. ಮಕ್ಕಳೂ ಕೈಹಾಕಬಹುದು. ಆದರೆ ಹುಬ್ಬಳ್ಳಿಯ ಬೇಸಿಗೆಯಲ್ಲಿ ಇಂಕು ಜಾಲರಿಯಲ್ಲೇ ಒಣಗಿಬಿಡುತ್ತದೆ, ತಕ್ಷಣ ತೊಳೆಯಬೇಕು. ನಳಕ್ಕೆ ನೀರು ಬರುವ ದಿನ ನೋಡಿಯೇ ಶುರು ಮಾಡಿ.