ಸ್ಪಾರ್ಸ್ ಸಾಲ್ವರ್ ಕೊಳ್ಳುವವರೇ, ಡೆಮೊ ಗ್ರಾಫ್ ನೋಡಿ ದುಡ್ಡು ಕೊಡಬೇಡಿ

ನಿಮ್ಮ ಸಿಮ್ಯುಲೇಟರ್‌ನ ಮ್ಯಾಟ್ರಿಕ್ಸ್ ಸಾಲ್ವರನ್ನು ಪ್ಯಾರಲಲ್ (ಹಲವು ಕೋರ್‌ಗಳಲ್ಲಿ ಒಟ್ಟಿಗೆ ಓಡುವ ಹಾಗೆ) ಮಾಡಿಕೊಡುತ್ತೇವೆ ಅಂತ ಯಾರಾದರೂ ಬಂದರೆ, ಸಹಿ ಹಾಕುವ ಮುಂಚೆ ಇದನ್ನು ಓದಿ. ಸಾಲ್ವರ್ ಅಂದರೆ ಸರ್ಕ್ಯೂಟ್‌ನ ಸಮೀಕರಣಗಳನ್ನು ಬಿಡಿಸುವ ಭಾಗ. ಆ ಸಮೀಕರಣಗಳ ಮ್ಯಾಟ್ರಿಕ್ಸ್‌ನಲ್ಲಿ ಬಹುಪಾಲು ಸೊನ್ನೆಗಳೇ, ಅದಕ್ಕೇ ಸ್ಪಾರ್ಸ್ ಅನ್ನುವುದು. ಬೆಂಗಳೂರಿನ ನಮ್ಮ ಚಿಕ್ಕ ಚಿಪ್ ಡಿಸೈನ್ ತಂಡ ಈ ಕೆಲಸವನ್ನು ಒಂದು ಕನ್ಸಲ್ಟಿಂಗ್ ಕಂಪನಿಗೆ ಕೊಟ್ಟಿತ್ತು. ಕಂಪನಿಯ ಹೆಸರು ಬೇಡ, ನಡೆದದ್ದು ಗೊತ್ತಾದರೆ ಸಾಕು.

ಡೆಮೊದಲ್ಲಿ ಕೋರ್ ಹೆಚ್ಚಿದ ಹಾಗೆಲ್ಲ ವೇಗವೂ ಹೆಚ್ಚುತ್ತಿತ್ತು. ಆದರೆ ಅವರು ಓಡಿಸಿದ್ದು ಚೌಕದ ಗ್ರಿಡ್‌ನಿಂದ ಬಂದ ಮ್ಯಾಟ್ರಿಕ್ಸ್. ಅದರ ಪ್ರತಿ ಸಾಲಿನಲ್ಲಿ ಹೆಚ್ಚೆಂದರೆ 5 ಸಂಖ್ಯೆ, ಉಳಿದದ್ದೆಲ್ಲ ಸೊನ್ನೆ. ಸಾಲುಗಳನ್ನು ಸಮನಾಗಿ ಹಂಚಿದರೆ ಕೆಲಸವೂ ಸಮನಾಗಿಯೇ ಹಂಚಿಹೋಗುತ್ತದೆ. ಸರ್ಕ್ಯೂಟ್‌ನ ಮ್ಯಾಟ್ರಿಕ್ಸ್ ಹಾಗಿರುವುದಿಲ್ಲ. ಬಹುಪಾಲು ಸಾಲುಗಳಲ್ಲಿ ನಾಲ್ಕೈದು ಸಂಖ್ಯೆ ಇದ್ದರೆ, ಪವರ್ ಸಪ್ಲೈ ಮತ್ತು ಕ್ಲಾಕ್‌ನ ಸಾಲುಗಳಲ್ಲಿ ಲಕ್ಷಗಟ್ಟಲೆ ಇರಬಹುದು. ಯಾಕೆಂದರೆ ಆ ತಂತಿಗಳಿಗೆ ಅಷ್ಟೊಂದು ಟ್ರಾನ್ಸಿಸ್ಟರ್‌ಗಳು ಸೇರಿರುತ್ತವೆ.

ಒಂದು ಲೆಕ್ಕ ಹಾಕಿ ನೋಡಿ. ಮ್ಯಾಟ್ರಿಕ್ಸ್‌ನಲ್ಲಿ ಒಟ್ಟು 50 ಲಕ್ಷ ಸಂಖ್ಯೆಗಳಿವೆ, ಅದರಲ್ಲಿ 3 ಲಕ್ಷ ಒಂದೇ ಸಾಲಿನಲ್ಲಿವೆ ಅಂದುಕೊಳ್ಳಿ. 32 ಥ್ರೆಡ್‌ಗೆ (ಒಂದೊಂದು ಕೋರ್‌ನಲ್ಲಿ ಒಟ್ಟಿಗೆ ಓಡುವ ಕೆಲಸದ ಎಳೆಗಳು) ಸಾಲು ಹಂಚಿದರೆ ಒಬ್ಬೊಬ್ಬರಿಗೆ ಒಂದೂವರೆ ಲಕ್ಷದಷ್ಟು ಬರುತ್ತದೆ, ಆ ದೊಡ್ಡ ಸಾಲು ಸಿಕ್ಕ ಥ್ರೆಡ್‌ಗೆ ನಾಲ್ಕೂವರೆ ಲಕ್ಷ. ಉಳಿದ 31 ಥ್ರೆಡ್‌ಗಳು ಸುಮ್ನೆ ಕಾಯುತ್ತವೆ. 32 ಪಟ್ಟು ಇರಲಿ, 11 ಪಟ್ಟು ವೇಗ ಸಿಕ್ಕರೆ ಹೆಚ್ಚು. "ಡೈನಾಮಿಕ್ ಶೆಡ್ಯೂಲ್ ಹಾಕಿದರೆ ಸರಿಹೋಗುತ್ತೆ" ಅಂದರು ಕಂಪನಿಯವರು. ಅಂದರೆ ಕೆಲಸ ಮುಗಿಸಿದ ಥ್ರೆಡ್‌ಗೆ ಆಗಿಂದಾಗಲೇ ಮುಂದಿನ ಸಾಲು ಕೊಡುವುದು. ಓಪನ್‌ಎಂಪಿಯಲ್ಲಿ (ಪ್ಯಾರಲಲ್ ಕೋಡ್ ಬರೆಯಲು ಬಳಸುವ ವ್ಯವಸ್ಥೆ) ಅದು ಒಂದು ಪದ ಬದಲಿಸುವ ಕೆಲಸ. ಆಗಲೂ ಇಡೀ ಸಾಲು ಒಂದೇ ಥ್ರೆಡ್‌ಗೆ ಹೋಗುತ್ತದೆ, ಹಾಗಾಗಿ 17 ಪಟ್ಟು ದಾಟಲು ದಾರಿಯೇ ಇಲ್ಲ. ಸಾಲನ್ನೇ ಒಡೆದು, ಸಂಖ್ಯೆಗಳ ಲೆಕ್ಕದಲ್ಲಿ ಹಂಚಬೇಕು. ಎನ್‌ವಿಡಿಯಾದ ಡುವೇನ್ ಮೆರಿಲ್ ಮತ್ತು ಮೈಕಲ್ ಗಾರ್ಲೆಂಡ್ 2016ರಲ್ಲೇ ಇಂಥ ವಿಧಾನವನ್ನು ಪ್ರಕಟಿಸಿದ್ದಾರೆ. ಇದೇ ಕೆಲಸ ಮಾಡುತ್ತೇವೆ ಅನ್ನುವವರಿಗೆ ಅದು ಗೊತ್ತಿರಬೇಕು, ಅಲ್ವಾ?

ಆಮೇಲೆ ಬಿಲ್ಡ್ ಫೈಲ್ ತೆರೆದು ನೋಡಿದೆವು. ಹೋಲಿಕೆಗೆ ಇಟ್ಟಿದ್ದ ಒಂದು ಥ್ರೆಡ್‌ನ ಕೋಡನ್ನು ಆಪ್ಟಿಮೈಸೇಶನ್ (ಕಂಪೈಲರ್ ತಾನೇ ಕೋಡನ್ನು ವೇಗಗೊಳಿಸುವುದು) ಇಲ್ಲದೆ ಕಂಪೈಲ್ ಮಾಡಿದ್ದರು. ಪ್ಯಾರಲಲ್ ಕೋಡ್‌ಗೆ ಮಾತ್ರ ಪೂರ್ತಿ ಆಪ್ಟಿಮೈಸೇಶನ್. ಇದು ಸರಿಯಾದ ಹೋಲಿಕೆಯೇ ಅಲ್ಲ. ಗ್ರಾಫ್ ತೋರಿಸಿದ ತಕ್ಷಣ ಎರಡೂ ಕಡೆಯ ಕಂಪೈಲರ್ ಫ್ಲ್ಯಾಗ್ ಕೇಳಿ.

ಮೆಮೊರಿಯದ್ದೂ ಒಂದು ಮಿತಿ ಇದೆ. ಸ್ಪಾರ್ಸ್ ಮ್ಯಾಟ್ರಿಕ್ಸ್‌ನಲ್ಲಿ ಒಂದು ಸಂಖ್ಯೆಗೆ 8 ಬೈಟ್, ಅದರ ಕಾಲಂ ನಂಬರಿಗೆ 4 ಬೈಟ್. ಆ 12 ಬೈಟ್ ತಂದು ಮಾಡುವುದು ಒಂದು ಗುಣಾಕಾರ, ಒಂದು ಕೂಡಿಕೆ ಅಷ್ಟೇ. ಮೆಮೊರಿ ಸೆಕೆಂಡಿಗೆ 200 ಗಿಗಾಬೈಟ್ ಕೊಟ್ಟರೆ, ಕ್ಯಾಶ್‌ನಲ್ಲಿ (ಪ್ರೊಸೆಸರ್ ಒಳಗಿನ ಚಿಕ್ಕ, ವೇಗದ ಮೆಮೊರಿ) ಹಿಡಿಯದ ಮ್ಯಾಟ್ರಿಕ್ಸ್‌ಗೆ ಸುಮಾರು 33 ಗಿಗಾಫ್ಲಾಪ್ಸ್ (ಸೆಕೆಂಡಿಗೆ 3,300 ಕೋಟಿ ಲೆಕ್ಕ) ಕೊನೆ. ಅಲ್ಲಿಂದಾಚೆ ಕೋರ್ ಜಾಸ್ತಿ ಮಾಡಿ ಪ್ರಯೋಜನವಿಲ್ಲ.

ನಿಧಾನವಾಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಆದರೆ ಒಂದೇ ಸರ್ಕ್ಯೂಟ್ ಎರಡು ಸಲ ಓಡಿಸಿದರೆ ವೋಲ್ಟೇಜ್ ಮೂರನೇ ಅಂಕಿಯಲ್ಲೇ ಬೇರೆ ಬರುತ್ತಿತ್ತು! ಕೇಳಿದರೆ, "ಪ್ಯಾರಲಲ್ ಅಂದಮೇಲೆ ಫ್ಲೋಟಿಂಗ್ ಪಾಯಿಂಟ್ ವ್ಯತ್ಯಾಸ ಇದ್ದದ್ದೇ" ಅಂತ ಉತ್ತರ. ಈ ಮಾತಿನಲ್ಲಿ ಅರ್ಧ ಸತ್ಯ ಇರುವುದರಿಂದಲೇ ಇದು ಅಪಾಯಕಾರಿ. ಕೂಡುವ ಕ್ರಮ ಬದಲಾದರೆ ಉತ್ತರ ಸ್ವಲ್ಪ ಬದಲಾಗುವುದು ನಿಜ. ಆದರೆ ಡಬಲ್‌ನಲ್ಲಿ (8 ಬೈಟ್‌ನ ಸಂಖ್ಯೆ) ಸುಮಾರು 16 ಅಂಕಿ ಇರುತ್ತವೆ. ಮ್ಯಾಟ್ರಿಕ್ಸ್ ತೀರಾ ಸೂಕ್ಷ್ಮವಾಗಿಲ್ಲದಿದ್ದರೆ ವ್ಯತ್ಯಾಸ ಕೊನೆಯ ಕೆಲವು ಅಂಕಿಗಳಲ್ಲೇ ಉಳಿಯಬೇಕು.

ಕಂಪನಿಯವರು ರೆಸಿಡ್ಯುಯಲ್ (ಸಿಕ್ಕ ಉತ್ತರವನ್ನು ಸಮೀಕರಣಕ್ಕೆ ಹಾಕಿದಾಗ ಉಳಿಯುವ ವ್ಯತ್ಯಾಸ) ತೆಗೆದು ತೋರಿಸಿದರು. ಅದು ನಿಜಕ್ಕೂ ಬಹಳ ಚಿಕ್ಕದಾಗಿತ್ತು. ನಮ್ಮ ಎಷ್ಟೋ ದಿನ ಇದರಲ್ಲೇ ಹೋಯಿತು. ತಪ್ಪು ಇದ್ದದ್ದು ಸಾಲ್ವರ್‌ನಲ್ಲಿ ಅಲ್ಲ, ಅದಕ್ಕೂ ಮುಂಚೆ ಮ್ಯಾಟ್ರಿಕ್ಸ್ ಕಟ್ಟುವ ಕಡೆ. ಪ್ರತಿ ಟ್ರಾನ್ಸಿಸ್ಟರ್ ತನ್ನ ಪಾಲನ್ನು ಮ್ಯಾಟ್ರಿಕ್ಸ್‌ನ ಕೆಲವು ಜಾಗಗಳಿಗೆ ಕೂಡುತ್ತದೆ. ಸಪ್ಲೈನ ಜಾಗಕ್ಕೆ ಅನೇಕ ಥ್ರೆಡ್‌ಗಳು ಒಟ್ಟಿಗೆ ಬಂದು ಕೂಡಲು ಹೋಗುತ್ತವೆ. ಅಲ್ಲಿ ಇರಬೇಕಾದ ಅಟಾಮಿಕ್ (ಒಮ್ಮೆಗೆ ಒಂದೇ ಥ್ರೆಡ್ ಕೂಡುವಂತೆ ನೋಡಿಕೊಳ್ಳುವ ಸೂಚನೆ) ಅನ್ನು ವೇಗಕ್ಕೋಸ್ಕರ ತೆಗೆದುಹಾಕಿದ್ದರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸಿ, ಕೆಲವು ಪಾಲುಗಳು ಕಳೆದೇಹೋಗುತ್ತಿದ್ದವು. ಸಾಲ್ವರ್ ತಪ್ಪು ಮ್ಯಾಟ್ರಿಕ್ಸನ್ನು ಸರಿಯಾಗಿ ಬಿಡಿಸುತ್ತಿತ್ತು. ಹಾಗಿರುವಾಗ ರೆಸಿಡ್ಯುಯಲ್ ಚಿಕ್ಕದಾಗಿರದೆ ಇನ್ನೇನು? ಗ್ರಿಡ್ ಡೆಮೊದಲ್ಲಿ ಎಲ್ಲರೂ ಬಂದು ಮುಗಿಬೀಳುವ ಜಾಗವೇ ಇರಲಿಲ್ಲ, ಆದ್ದರಿಂದ ಬಗ್ ಕಾಣಿಸಿಕೊಂಡಿರಲಿಲ್ಲ.

ಹಾಗಾಗಿ ದಯವಿಟ್ಟು, ಸಾಲ್ವ್ ಮಾಡುವ ಮುಂಚೆ 1 ಥ್ರೆಡ್‌ನಲ್ಲಿ ಕಟ್ಟಿದ ಮ್ಯಾಟ್ರಿಕ್ಸನ್ನೂ 32 ಥ್ರೆಡ್‌ನಲ್ಲಿ ಕಟ್ಟಿದ್ದನ್ನೂ ಒಂದೊಂದು ಸಂಖ್ಯೆಯಾಗಿ ಹೋಲಿಸಿ. ನಮಗೆ ಬಗ್ ಸಿಕ್ಕಿದ್ದು ಹೀಗೆ. ಕಂಪನಿಯವರು ಅಟಾಮಿಕ್ ವಾಪಸ್ ಹಾಕಿಕೊಟ್ಟರು, ಉತ್ತರ ಸರಿಹೋಯಿತು. ಆದರೆ ಎಲ್ಲ ಥ್ರೆಡ್‌ಗಳೂ ಸಪ್ಲೈನ ಜಾಗದಲ್ಲಿ ಸರದಿ ಕಾಯುವಂತಾಗಿ, ನಮ್ಮ ಹಳೆಯ ಕೋಡ್‌ಗಿಂತ ನಿಧಾನವಾಯಿತು. ಬಿಲ್‌ನ ದೊಡ್ಡ ಪಾಲು ಅಷ್ಟರಲ್ಲಿ ಪಾವತಿಯಾಗಿತ್ತು. ಈಗ ಹಳೆಯ ಕೋಡನ್ನೇ ಓಡಿಸುತ್ತಿದ್ದೇವೆ.

ನಿಮ್ಮ ಸರ್ಕ್ಯೂಟನ್ನು ಹೊರಗಿನವರಿಗೆ ಕೊಡುವ ಹಾಗಿಲ್ಲದಿದ್ದರೆ, ಸ್ಪಾರ್ಸ್ ಮ್ಯಾಟ್ರಿಕ್ಸ್ ತಜ್ಞ ಟಿಮ್ ಡೇವಿಸ್ ಕಟ್ಟಿದ ಸ್ವೀಟ್‌ಸ್ಪಾರ್ಸ್ ಮ್ಯಾಟ್ರಿಕ್ಸ್ ಸಂಗ್ರಹ ಎಲ್ಲರಿಗೂ ಉಚಿತ. ಅದರಲ್ಲಿ ಎಎಸ್ಐಸಿ_680ಕೆ ಅನ್ನುವ ಸರ್ಕ್ಯೂಟ್ ಮ್ಯಾಟ್ರಿಕ್ಸ್ ಇದೆ. ಸುಮಾರು 6.8 ಲಕ್ಷ ಸಾಲು, ಅದರಲ್ಲೂ ಲಕ್ಷಗಟ್ಟಲೆ ಸಂಖ್ಯೆ ತುಂಬಿದ ಸಾಲು ಇದೆ. ಡೆಮೊ ದಿನ ಆ ಫೈಲನ್ನು ನೀವೇ ತೆಗೆದುಕೊಂಡು ಹೋಗಿ, ನಿಮ್ಮೆದುರೇ 1, 8, 32 ಥ್ರೆಡ್‌ನಲ್ಲಿ ಓಡಿಸಿ ಅಂತ ಕೇಳಿ.