ಟಿಪ್ಸ್ ಮತ್ತು ದೂರು: ಮೂರು ಥರದ ಕ್ಯೂಆರ್ ಬೋರ್ಡ್ ಇಟ್ಟು ನೋಡಿದೆ

ನಮ್ಮದು ನಾಲ್ಕು ಕುರ್ಚಿಯ ಸಲೂನ್. ಜನ ಜೇಬಲ್ಲಿ ಚಿಲ್ಲರೆ ಇಟ್ಟುಕೊಳ್ಳುವುದನ್ನು ಬಿಟ್ಟ ಮೇಲೆ ಹುಡುಗರಿಗೆ ಟಿಪ್ಸೇ ಇಲ್ಲದಂತಾಯಿತು. ಅದಕ್ಕೇ ಕ್ಯೂಆರ್ ಬೋರ್ಡ್ ಮಾಡಿಸಿದೆ. ಸರಿ ಹೋಗುವಷ್ಟರಲ್ಲಿ ಮೂರು ಥರದ್ದಾಯಿತು.

ಮೊದಲನೆಯದರಲ್ಲಿ ಒಂದೇ ಕೋಡ್. ಸ್ಕ್ಯಾನ್ ಮಾಡಿದರೆ ಒಂದೇ ಪುಟದಲ್ಲಿ ಟಿಪ್ಸ್ ಬಟನ್ನೂ ಅಭಿಪ್ರಾಯದ ಬಟನ್ನೂ. ನೋಡಲು ಚೆಂದ. ಆದರೆ ಜನ ಫೋನ್ ಹಿಡಿಯುತ್ತಿದ್ದರು, ತೆರೆಯಲ್ಲಿ ಬಂದ ವಿಳಾಸ ಓದಿ ಸುಮ್ನೆ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ನಾನು ತಗೊಂಡಿದ್ದು ಡೈನಮಿಕ್ ಕೋಡ್. ಅದು ಯಾವ ಪುಟಕ್ಕೆ ಹೋಗಬೇಕೆಂಬುದನ್ನು ಆಮೇಲೂ ಬದಲಿಸಬಹುದು, ಎಷ್ಟು ಸಲ ಸ್ಕ್ಯಾನ್ ಆಯಿತೆಂದು ಎಣಿಸಬಹುದು. ಗಿರಾಕಿಗೆ ಕಾಣುವುದು ಮಾತ್ರ ಅರ್ಥವಿಲ್ಲದ ಅಕ್ಷರಗಳ ಯಾವುದೋ ಪುಟ್ಟ ವಿಳಾಸ. ದುಡ್ಡಿನ ವಿಷಯದಲ್ಲಿ ಅದನ್ನು ಯಾರು ಒತ್ತುತ್ತಾರೆ ಹೇಳಿ?

ಎರಡನೆಯದಕ್ಕೆ ಸ್ಟ್ಯಾಟಿಕ್ ಕೋಡ್, ಅಂದರೆ ವಿಳಾಸ ಕೋಡಿನೊಳಗೇ ಇರುವಂಥದ್ದು, ಆಮೇಲೆ ಬದಲಿಸಲಾಗದು. ಟಿಪ್ಸಿಗೊಂದು, ಅಭಿಪ್ರಾಯಕ್ಕೊಂದು, ಎರಡೂ ಪಕ್ಕಪಕ್ಕದಲ್ಲಿ. ನಮ್ಮದೇ ವೆಬ್‌ಸೈಟ್ ವಿಳಾಸ, ಕೋಡಿನ ಕೆಳಗೂ ಅದೇ ಅಚ್ಚು. ತೆರೆಯಲ್ಲಿ ಬಂದದ್ದೂ ಬೋರ್ಡಿನಲ್ಲಿದ್ದದ್ದೂ ಹೊಂದಿದರೆ ಅರ್ಧ ಅನುಮಾನ ಹೋಗುತ್ತದೆ. ಆದರೆ ಅಚ್ಚಿನಲ್ಲೇ ಎಡವಿದೆ. ನಡುವೆ ಲೋಗೋ ಬೇಕೆಂಬ ಹಟ ನನ್ನದು. ಕೋಡಿನ ಸ್ವಲ್ಪ ಭಾಗ ಮುಚ್ಚಿದರೂ ಫೋನ್ ಅದನ್ನು ಸರಿಮಾಡಿಕೊಂಡು ಓದುತ್ತದೆ, ಇದಕ್ಕೆ ತಿದ್ದುವಿಕೆ ಅಂತಾರೆ. ಅದರಲ್ಲಿ ಎಲ್ಲಕ್ಕಿಂತ ಮೇಲಿನ ಎಚ್ ಮಟ್ಟ ಇಟ್ಟರೆ ಸುಮಾರು 30% ಹಾಳಾದರೂ ಕೋಡ್ ಓದಬಹುದು, ನಿಜ. ಆದರೆ ಚೌಕಗಳು ಜಾಸ್ತಿಯಾಗಿ ಸಣ್ಣವಾಗುತ್ತವೆ. ಉದ್ದ ವಿಳಾಸ ಬೇರೆ. ಕುರ್ಚಿಯಿಂದ ಸ್ಕ್ಯಾನ್ ಆಗಲೇ ಇಲ್ಲ. ಲೋಗೋ ತೆಗೆದೆ, ವಿಳಾಸ ಮೊಟಕು ಮಾಡಿದೆ, 15% ತಿದ್ದುವ ಎಂ ಮಟ್ಟಕ್ಕೆ ಇಳಿದೆ. ಸುತ್ತ ನಾಲ್ಕು ಚೌಕದಷ್ಟು ಖಾಲಿ ಬಿಳಿ ಅಂಚು ಇರಲೇಬೇಕಂತೆ. ಡಿಸೈನ್ ಮಾಡಿದವರು ಅಲ್ಲಿ ಬಳ್ಳಿ ಬಿಡಿಸಿದ್ದರು! ಮಿರುಗುವ ಲ್ಯಾಮಿನೇಷನ್ ಮೇಲೆ ದೀಪದ ಬೆಳಕು ಹೊಳೆಯುತ್ತಿತ್ತು, ಮ್ಯಾಟ್ ಹಾಕಿಸಿದೆ.

ಇಷ್ಟಾದರೂ ಒಂದು ಎಡವಟ್ಟು ಉಳಿಯಿತು. ಎರಡು ಕೋಡ್ ಹತ್ತಿರ ಇದ್ದರೆ ಕ್ಯಾಮೆರಾ ತನಗೆ ಸಿಕ್ಕಿದ್ದನ್ನು ಹಿಡಿಯುತ್ತದೆ. ಬೈಯಲು ಹೋದವರ ಮುಂದೆ ಟಿಪ್ಸ್ ಪುಟ ತೆರೆದುಕೊಂಡರೆ ಹೇಗಿರುತ್ತದೆ, ಅಲ್ವಾ?

ಈಗಿರುವುದು ಮೂರನೆಯದು. ಒಂದೊಂದು ಕನ್ನಡಿಯ ಪಕ್ಕ ಆ ಹುಡುಗನ ಹೆಸರಿನ ಟಿಪ್ಸ್ ಕಾರ್ಡು. "ಇದು ಪೂರ್ತಿ ಅವನಿಗೇ" ಅಂತ ಒಂದು ಸಾಲು. ಅಭಿಪ್ರಾಯದ ಬೋರ್ಡ್ ಹೊರಗೆ ಹೋಗುವ ಬಾಗಿಲ ಹತ್ತಿರ. ಹೆಸರು, ನಂಬರ್ ಏನೂ ಕೇಳುವುದಿಲ್ಲ. ಮೊದಲು ಬರುತ್ತಿದ್ದುದು ಬರೀ ಐದು ಸ್ಟಾರ್. ಕತ್ತರಿ ಹಿಡಿದವನು ಪಕ್ಕದಲ್ಲೇ ನಿಂತಿದ್ದರೆ ಇನ್ನೇನು ಬರೆಯುತ್ತಾರೆ? ಈಗ ಟವೆಲ್ ವಾಸನೆಯ ಬಗ್ಗೆಯೂ ಬರೆಯುತ್ತಾರೆ.

ನಮ್ಮ ಕೋಡಿನ ಮೇಲೆ ಯಾರಾದರೂ ತಮ್ಮ ಕೋಡ್ ಅಂಟಿಸಿ ದುಡ್ಡು ಹೊಡೆಯುವ ಮೋಸದ ಸ್ಟಿಕ್ಕರ್ ಭಯ ಮೂರಕ್ಕೂ ಇದ್ದದ್ದೇ. ಅದಕ್ಕೇ ಕೋಡನ್ನು ಅಂಟಿಸದೆ ಬೋರ್ಡಿನ ಮೇಲೇ ಅಚ್ಚು ಹಾಕಿಸಿದ್ದೇನೆ. ಉಗುರಿಗೆ ಅಂಚು ಸಿಕ್ಕಿತೆಂದರೆ ಯಾರೋ ಮೇಲೆ ಅಂಟಿಸಿದ್ದಾರೆ ಅಂತಲೇ ಅರ್ಥ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಸವರಿ ನೋಡುತ್ತೇನೆ, ನನ್ನ ಫೋನಿನಲ್ಲೂ ಒಮ್ಮೆ ಸ್ಕ್ಯಾನ್ ಮಾಡುತ್ತೇನೆ.

ಹೆಸರಿನ ಕಾರ್ಡಿಗೂ ಒಂದು ತೊಂದರೆ ಇದೆ. ಒಬ್ಬ ಕೆಲಸ ಬಿಟ್ಟು ಹೋದ, ಅವನ ಕಾರ್ಡ್ ತೆಗೆಯಲು ಮರೆತೆ. ಎರಡು ದಿನ ಬಿಟ್ಟು ಅವನೇ ಫೋನ್ ಮಾಡಿದ: "ಅಣ್ಣಾ, ನನಗಿನ್ನೂ ಟಿಪ್ಸ್ ಬರ್ತಿದೆ, ಯಾರಿಗೆ ಕಳಿಸ್ಲಿ?"